ಇಳಿದ ಊರಿನಿಂದಲೇ ವಾಪಸ್ ಹತ್ತಬೇಕಾ?

ಪ್ರವಾಸ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು, ನನ್ನ ಹೆಂಡತಿ, ಎಪ್ಪತ್ತೆರಡು ವರ್ಷದ ಅಮ್ಮ, ಮೂವರೂ ಮೇ ತಿಂಗಳಲ್ಲಿ ಹದಿನಾಲ್ಕು ದಿನ ಯುರೋಪಿಗೆ ಹೊರಟಿದ್ದೇವೆ. ಮೊದಲು ಪ್ಯಾರಿಸ್, ಆಮೇಲೆ ಸ್ವಿಟ್ಜರ್ಲೆಂಡ್, ಕೊನೆಗೆ ಮಿಲಾನ್ ಮತ್ತು ರೋಮ್. ಬೆಂಗಳೂರಿನಿಂದ ಪ್ಯಾರಿಸ್‌ಗೆ ಹೋಗಿ ಬರುವ ಟಿಕೆಟ್ ತೆಗೆದುಕೊಂಡು, ಕೊನೆಯಲ್ಲಿ ರೋಮ್‌ನಿಂದ ಪ್ಯಾರಿಸ್‌ಗೆ ಒಂದು ಅಗ್ಗದ ವಿಮಾನ ಹಿಡಿಯಿರಿ ಎಂದು ಗೆಳೆಯರೊಬ್ಬರು ಹೇಳಿದರು. ಅದು ತಲೆಗೆ ಮೂರು ಸಾವಿರ ರೂಪಾಯಿ ತೋರಿಸುತ್ತಿದೆ. ಸರಿ ಅಲ್ವಾ? (ಮೈಸೂರು)

ಉತ್ತರ: ಬೇಡ, ದಯವಿಟ್ಟು ಹಾಗೆ ಮಾಡಬೇಡಿ. ಆ ಮೂರು ಸಾವಿರದ ಟಿಕೆಟ್ ಯಾವ ನಿಲ್ದಾಣಕ್ಕೆ ಹೋಗುತ್ತದೆ ಎಂದು ಮೊದಲು ನೋಡಿ. ಪ್ಯಾರಿಸ್ ಹೆಸರಿನಲ್ಲಿ ಮೂರು ನಿಲ್ದಾಣಗಳಿವೆ. ದೊಡ್ಡದು ಚಾರ್ಲ್ಸ್ ಡಿ ಗಾಲ್, ಊರಿನಿಂದ ಸುಮಾರು 25 ಕಿಲೋಮೀಟರ್. ಇನ್ನೊಂದು ಓರ್ಲಿ, ದಕ್ಷಿಣಕ್ಕಿದೆ, ಇನ್ನೂ ಹತ್ತಿರ, 2024ರ ಜೂನ್‌ನಿಂದ ಅಲ್ಲಿಗೆ ಮೆಟ್ರೋ 14ನೇ ಮಾರ್ಗವೂ ಬಂದಿದೆ. ಮೂರನೆಯದು ಬೋವೆ. ಅಗ್ಗದ ವಿಮಾನಗಳು ಜಾಸ್ತಿ ಇಳಿಯುವುದು ಅಲ್ಲಿ. ಟಿಕೆಟ್ ಮೇಲೆ 'ಪ್ಯಾರಿಸ್ ಬೋವೆ' ಎಂದೇ ಇರುತ್ತದೆ, ಆದರೆ ಅದು ಪ್ಯಾರಿಸ್‌ನಿಂದ 85 ಕಿಲೋಮೀಟರ್ ದೂರದ ಬೇರೆಯೇ ಊರು. ನಿಮ್ಮ ಬೆಂಗಳೂರಿನ ವಿಮಾನ ಹೊರಡುವುದು ಚಾರ್ಲ್ಸ್ ಡಿ ಗಾಲ್‌ನಿಂದ. ಅಂದರೆ ಬೋವೆಯಲ್ಲಿ ಇಳಿದು, ಸೂಟ್‌ಕೇಸ್ ಎಳೆದುಕೊಂಡು ಬಸ್ ಹತ್ತಿ, ಪ್ಯಾರಿಸ್‌ಗೆ ಬಂದು, ಅಲ್ಲಿಂದ ಮತ್ತೆ ರೈಲು ಹಿಡಿದು ಇನ್ನೊಂದು ನಿಲ್ದಾಣಕ್ಕೆ ಹೋಗಬೇಕು, ಅದೂ ಎಪ್ಪತ್ತೆರಡು ವರ್ಷದ ಅಮ್ಮನನ್ನು ಕರೆದುಕೊಂಡು. ಮುನ್ನಾದಿನವೇ ಬರುವುದು ಒಳ್ಳೆಯದು ಅನಿಸುತ್ತದೆ, ಹಾಗಾಗಿ ಒಂದು ರಾತ್ರಿ ಹೋಟೆಲ್ ಖರ್ಚು. ಹದಿನಾಲ್ಕರಲ್ಲಿ ಒಂದು ದಿನ ಹೋಯಿತು.

ಆ ಮೂರು ಸಾವಿರದಲ್ಲಿ ಸೂಟ್‌ಕೇಸ್ ಕೂಡ ಸೇರಿರುವುದಿಲ್ಲ. ಸೀಟಿನ ಕೆಳಗೆ ಹಿಡಿಸುವ ಒಂದು ಚೀಲ, ಅಷ್ಟೇ. ನಮ್ಮ ಮನೆಯವರ ಜೊತೆ ಒಮ್ಮೆ ಇಂಥದ್ದೇ ಟಿಕೆಟ್ ತೆಗೆದುಕೊಂಡು ಹೋಗಿದ್ದೆ. ಕೌಂಟರ್‌ನಲ್ಲಿ ಬ್ಯಾಗ್ ತೂಗಿದರು, ನಾವು ದುಡ್ಡು ಕಟ್ಟಿದ್ದಕ್ಕಿಂತ ಆರು ಕಿಲೋ ಜಾಸ್ತಿ. ಹಿಂದೆ ಸಾಲು ನಿಂತಿತ್ತು. ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿ, ಅತ್ತೆಯ ಎರಡು ಸ್ವೆಟರ್, ಚಟ್ನಿಪುಡಿ ಡಬ್ಬ, ಮಕ್ಕಳಿಗೆ ಕೊಂಡ ಚಾಕೊಲೇಟ್ ಎಲ್ಲ ಹೊರಗೆ ತೆಗೆದೆವು. ಸ್ವೆಟರ್‌ಗಳನ್ನು ಅತ್ತೆ ಒಂದರ ಮೇಲೊಂದು ಹಾಕಿಕೊಂಡು ವಿಮಾನ ಹತ್ತಿದರು. ಕಟ್ಟಿದ ದಂಡ ಟಿಕೆಟ್ ಬೆಲೆಗಿಂತ ಜಾಸ್ತಿ ಆಯಿತು. ದುಡ್ಡಿಗಿಂತ ಅವರ ಮುಖ ಸಣ್ಣದಾಗಿದ್ದು ನನಗೆ ಇವತ್ತಿಗೂ ನೋವು ಕೊಡುತ್ತದೆ.

ನೀವು ಮಾಡಬೇಕಾದ್ದು ಇಷ್ಟು. ಟಿಕೆಟ್ ಹುಡುಕುವಾಗ 'ಮಲ್ಟಿ ಸಿಟಿ' ಎಂಬ ಆಯ್ಕೆ ಒತ್ತಿ. ಹೋಗುವುದು ಬೆಂಗಳೂರಿನಿಂದ ಪ್ಯಾರಿಸ್‌ಗೆ, ಬರುವುದು ರೋಮ್‌ನಿಂದ ಬೆಂಗಳೂರಿಗೆ, ಎರಡೂ ಒಂದೇ ಬುಕಿಂಗ್‌ನಲ್ಲಿ. ಏಜೆಂಟರ ಭಾಷೆಯಲ್ಲಿ ಇದು 'ಓಪನ್ ಜಾ'. ಎರಡು ಒನ್‌ವೇ ಟಿಕೆಟ್ ಬೇರೆ ಬೇರೆ ತೆಗೆದುಕೊಂಡರೆ ದೊಡ್ಡ ಕಂಪನಿಗಳಲ್ಲಿ ಸಾಮಾನ್ಯವಾಗಿ ದುಬಾರಿ, ಹೀಗೆ ಸೇರಿಸಿ ಕೇಳಿದರೆ ಹೋಗಿ ಬರುವ ಟಿಕೆಟ್‌ನ ಆಸುಪಾಸಿನಲ್ಲೇ ಸಿಗುವುದುಂಟು. ಎಮಿರೇಟ್ಸ್, ಕತಾರ್ ಏರ್‌ವೇಸ್ ಎರಡೂ ಪ್ಯಾರಿಸ್‌ಗೂ ರೋಮ್‌ಗೂ ಹೋಗುತ್ತವೆ. ಲುಫ್ತಾನ್ಸಾ ಆದರೆ ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್ ಮೂಲಕ. ಏರ್ ಫ್ರಾನ್ಸ್ ಬೆಂಗಳೂರಿನಿಂದ ನೇರವಾಗಿ ಪ್ಯಾರಿಸ್‌ಗೆ ಹೋಗುತ್ತದೆ, ಬರುವಾಗ ರೋಮ್‌ನಿಂದ ಪ್ಯಾರಿಸ್ ಮೂಲಕವೇ ಬರುತ್ತೀರಿ. ಆಗಲೂ ಪ್ಯಾರಿಸ್‌ಗೇ ಬಂದಂತಾಯಿತಲ್ಲ ಎನ್ನಬಹುದು. ವ್ಯತ್ಯಾಸ ಇದೆ. ಒಂದೇ ಟಿಕೆಟ್ ಆದ್ದರಿಂದ ಸೂಟ್‌ಕೇಸ್ ರೋಮ್‌ನಲ್ಲಿ ಕೊಟ್ಟರೆ ಬೆಂಗಳೂರಿನಲ್ಲೇ ಸಿಗುತ್ತದೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಬೇರೆ ವಿಮಾನದಲ್ಲಿ ಕಳಿಸುವುದು ಅವರ ಜವಾಬ್ದಾರಿ.

ನಡುವಿನ ಊರುಗಳಿಗೆ ವಿಮಾನವೇ ಬೇಡ. ಪ್ಯಾರಿಸ್‌ನ ಗಾರ್ ದ ಲಿಯೊನ್ ನಿಲ್ದಾಣದಿಂದ ಜ್ಯೂರಿಕ್‌ಗೆ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ. ಜ್ಯೂರಿಕ್‌ನಿಂದ ಮಿಲಾನ್‌ಗೆ ಮೂರು ಗಂಟೆಗಿಂತ ಸ್ವಲ್ಪ ಜಾಸ್ತಿ. ಆ ದಾರಿಯಲ್ಲಿ 2016ರಲ್ಲಿ ಶುರುವಾದ 57 ಕಿಲೋಮೀಟರ್ ಉದ್ದದ ಗೊಥಾರ್ಡ್ ಸುರಂಗ ಸಿಗುತ್ತದೆ, ಬೇಗ ಮುಟ್ಟಿಸುತ್ತದೆ, ಆದರೆ ಒಳಗೆ ಕತ್ತಲು ಬಿಟ್ಟು ಏನೂ ಕಾಣುವುದಿಲ್ಲ. ಅಮ್ಮನಿಗೆ ಹಿಮದ ಬೆಟ್ಟ ತೋರಿಸಬೇಕೆಂದಿದ್ದರೆ ಕೂರ್ ಎಂಬ ಊರಿನಿಂದ ಟಿರಾನೊವರೆಗೆ ಬೆರ್ನಿನಾ ರೈಲಿನಲ್ಲಿ ಹೋಗಿ, ಅಲ್ಲಿಂದ ಮಿಲಾನ್‌ಗೆ ಇನ್ನೊಂದು ರೈಲು. ಇಡೀ ದಿನ ಬೇಕು. ನಾನಾದರೆ ಒಂದು ವಸ್ತುಸಂಗ್ರಹಾಲಯ ಬಿಟ್ಟಾದರೂ ಇದನ್ನು ಮಾಡುತ್ತೇನೆ. ಮಿಲಾನ್‌ನಿಂದ ರೋಮ್‌ಗೆ ವೇಗದ ರೈಲಿನಲ್ಲಿ ಮೂರು ಗಂಟೆ ಸುಮಾರು. ರೋಮ್‌ನ ಟೆರ್ಮಿನಿ ನಿಲ್ದಾಣದಿಂದ ಫ್ಯೂಮಿಚಿನೊ ವಿಮಾನ ನಿಲ್ದಾಣಕ್ಕೆ ಲಿಯೊನಾರ್ಡೊ ಎಕ್ಸ್‌ಪ್ರೆಸ್ 32 ನಿಮಿಷದಲ್ಲಿ ತಲುಪಿಸುತ್ತದೆ.

ಅಕಸ್ಮಾತ್ ರೋಮ್ ಬಿಟ್ಟು ಮಿಲಾನ್‌ನಿಂದಲೇ ವಾಪಸ್ ಬರುವುದಾದರೆ ಅಲ್ಲೂ ಹೆಸರು ನೋಡಿ. ದೂರದ ದೇಶಗಳ ವಿಮಾನಗಳು ಹೊರಡುವುದು ಮಲ್ಪೆನ್ಸಾದಿಂದ, ಊರಿಗೆ ಸುಮಾರು 50 ಕಿಲೋಮೀಟರ್. ಊರಿಗೆ ಅಂಟಿಕೊಂಡಿರುವುದು ಲಿನಾಟೆ. ಮೂರನೆಯದು ಬೆರ್ಗಾಮೊ, ಅದು ಬೋವೆ ಥರವೇ ಬೇರೆ ಊರು.

ವೀಸಾ ವಿಷಯ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ನಿಮ್ಮ ಮೂರೂ ದೇಶಗಳಿಗೆ ಒಂದೇ ವೀಸಾ ಸಾಕು, ಅದೇ ಷೆಂಗೆನ್ ವೀಸಾ. ಮೊದಲು ಪ್ಯಾರಿಸ್‌ನಲ್ಲಿ ಇಳಿಯುತ್ತೀರಿ ಎಂದು ಫ್ರಾನ್ಸ್‌ಗೆ ಅರ್ಜಿ ಹಾಕಬೇಕಿಲ್ಲ. ಹೆಚ್ಚು ದಿನ ಎಲ್ಲಿ ಇರುತ್ತೀರೋ ಆ ದೇಶಕ್ಕೆ ಹಾಕಬೇಕು. ಎಲ್ಲ ಕಡೆ ಸಮ ದಿನ ಇದ್ದರೆ ಮಾತ್ರ ಮೊದಲು ಇಳಿಯುವ ದೇಶ. ಆರು ತಿಂಗಳು ಮೊದಲೇ ಹಾಕಬಹುದು, ಬೇಸಿಗೆ ರಜೆಗೆ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಆದ್ದರಿಂದ ಕಾಯಬೇಡಿ. ಕನಿಷ್ಠ 30,000 ಯುರೋ ವೈದ್ಯಕೀಯ ವಿಮೆ ಬೇಕೇ ಬೇಕು. ವೀಸಾ ಕೈಗೆ ಬರುವ ಮೊದಲು ರದ್ದು ಮಾಡಲಾಗದ ಟಿಕೆಟ್ ಕೊಳ್ಳಬೇಡಿ.

ಪ್ರಶ್ನೆ: ಮಂಗಳೂರಿನಿಂದ ದುಬೈಗೆ ನೇರ ವಿಮಾನ ಇದೆ. ಅಲ್ಲಿಂದ ಬೇರೆ ಟಿಕೆಟ್‌ನಲ್ಲಿ ರೋಮ್‌ಗೆ ಹೋದರೆ ಬೆಂಗಳೂರಿಗೆ ಹೋಗುವ ರಗಳೆ ತಪ್ಪುತ್ತದೆ. ನಡುವೆ ಮೂರು ಗಂಟೆ ಸಮಯ ಸಿಗುತ್ತದೆ, ಸಾಕಾಗುತ್ತದಾ? (ಮಂಗಳೂರು)

ಉತ್ತರ: ಸಾಕಾಗುವುದಿಲ್ಲ. ಸಮಸ್ಯೆ ಸಮಯದ್ದು ಮಾತ್ರ ಅಲ್ಲ. ಎರಡು ಬೇರೆ ಟಿಕೆಟ್ ಆದರೆ ನಿಮ್ಮ ಸೂಟ್‌ಕೇಸ್ ಸಾಮಾನ್ಯವಾಗಿ ದುಬೈವರೆಗೆ ಮಾತ್ರ. ಅದನ್ನು ಬೆಲ್ಟ್‌ನಿಂದ ಎತ್ತಿಕೊಂಡು ಮತ್ತೆ ಚೆಕ್‌ಇನ್ ಮಾಡಬೇಕಾದರೆ ಇಮಿಗ್ರೇಷನ್ ದಾಟಿ ಹೊರಗೆ ಬರಬೇಕು. ಹೊರಗೆ ಬರಲು ಯುಎಇ ವೀಸಾ ಬೇಕು. ಇದು ಗೊತ್ತಿಲ್ಲದೆ ಹೊರಡುವವರು ಬಹಳ ಜನ. ಟರ್ಮಿನಲ್ ಬದಲಾಯಿಸಬೇಕಾಗಿಯೂ ಬರಬಹುದು, ಎಮಿರೇಟ್ಸ್ ವಿಮಾನಗಳೆಲ್ಲ ಹೊರಡುವುದು ಟರ್ಮಿನಲ್ 3ರಿಂದ. ಮಂಗಳೂರಿನ ವಿಮಾನ ಮಳೆಗೆ ಎರಡು ಗಂಟೆ ತಡವಾಯಿತು ಎಂದುಕೊಳ್ಳಿ. ಎರಡನೇ ಕಂಪನಿಯ ಮಟ್ಟಿಗೆ ನೀವು ಬರಲೇ ಇಲ್ಲ. ಆ ಟಿಕೆಟ್ ಹೋಯಿತು, ಅದರ ಜೊತೆ ವಾಪಸ್ ಬರುವ ಟಿಕೆಟ್ಟೂ ಹೋಗಬಹುದು.

ನನ್ನ ಸಲಹೆ, ಹಿಂದಿನ ದಿನ ಬಸ್ಸಿನಲ್ಲೋ ರೈಲಿನಲ್ಲೋ ಬೆಂಗಳೂರಿಗೆ ಬನ್ನಿ. 2023ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಟರ್ಮಿನಲ್ 2ರಿಂದ ಹೊರಡುತ್ತವೆ. ಕೊಚ್ಚಿಯೂ ನೋಡಿ, ಮಂಗಳೂರಿನಿಂದ ರೈಲು ಇದೆ, ಗಲ್ಫ್‌ನ ದೊಡ್ಡ ಕಂಪನಿಗಳೆಲ್ಲ ಅಲ್ಲಿಂದ ಹಾರುತ್ತವೆ. ಮಂಗಳೂರಿನಿಂದಲೇ ಹೊರಡಲೇಬೇಕು ಎಂದಾದರೆ ಮಂಗಳೂರಿನಿಂದ ರೋಮ್‌ವರೆಗೆ ಒಂದೇ ಬುಕಿಂಗ್ ನಂಬರ್‌ನಲ್ಲಿ ಟಿಕೆಟ್ ಸಿಗುತ್ತದಾ ಎಂದು ಏಜೆಂಟರನ್ನು ಕೇಳಿ. ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟ ಇಲ್ಲ.

ಇನ್ನೊಂದು ಮಾತು. ಯುರೋಪಿಯನ್ ಒಕ್ಕೂಟದ ನಿಲ್ದಾಣದಿಂದ ಹೊರಡುವ ಯಾವ ಕಂಪನಿಯ ವಿಮಾನವಾದರೂ, ಅವರದೇ ತಪ್ಪಿನಿಂದ ಮೂರು ಗಂಟೆಗಿಂತ ಜಾಸ್ತಿ ತಡವಾಗಿ ತಲುಪಿದರೆ ಪರಿಹಾರ ಕೇಳುವ ಹಕ್ಕು ನಿಮಗಿದೆ. ರೋಮ್‌ನಿಂದ ನಮ್ಮ ಕಡೆಗೆ ಬರುವಷ್ಟು ದೂರಕ್ಕೆ 600 ಯುರೋವರೆಗೆ. ಬೋರ್ಡಿಂಗ್ ಪಾಸ್ ಎಸೆಯಬೇಡಿ.

ಪ್ರಶ್ನೆ: ಪ್ಯಾರಿಸ್‌ನಲ್ಲಿ ಇಳಿದು, ಲಂಡನ್‌ನಲ್ಲಿ ಮಗಳನ್ನು ನೋಡಿಕೊಂಡು, ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿ ಅಲ್ಲಿಂದ ವಾಪಸ್ ಬರೋಣ ಎಂದಿದ್ದೇವೆ. ಸರಿಯಿದೆಯಾ? (ದಾವಣಗೆರೆ)

ಉತ್ತರ: ಊರುಗಳು ಸರಿ, ಸರದಿ ಬದಲಾಯಿಸಿ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು ಷೆಂಗೆನ್, ಬ್ರಿಟನ್ ಅದರ ಒಳಗಿಲ್ಲ. ಅದಕ್ಕೆ ಬೇರೆ ವೀಸಾ. ಪ್ಯಾರಿಸ್‌ಗೆ ಹೋಗಿ, ಲಂಡನ್‌ಗೆ ಹೊರಬಂದು, ಮತ್ತೆ ಆಮ್‌ಸ್ಟರ್‌ಡ್ಯಾಮ್‌ಗೆ ಹೋದರೆ ಷೆಂಗೆನ್ ಗಡಿಯನ್ನು ಎರಡು ಸಲ ಒಳಹೊಕ್ಕಂತೆ. ನಿಮಗೆ ಒಂದೇ ಪ್ರವೇಶದ ವೀಸಾ ಕೊಟ್ಟಿದ್ದರೆ ಎರಡನೇ ಸಲ ಬಿಡುವುದಿಲ್ಲ. ಆದ್ದರಿಂದ ಮೊದಲು ಲಂಡನ್‌ಗೇ ಹೋಗಿ. ಬೆಂಗಳೂರಿನಿಂದ ಹೀಥ್ರೋಗೆ ನೇರ ವಿಮಾನಗಳಿವೆ. ಮಗಳ ಮನೆಯಲ್ಲಿ ನಾಲ್ಕು ದಿನ ಇದ್ದು, ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಿಂದ ಯೂರೋಸ್ಟಾರ್ ರೈಲು ಹಿಡಿದರೆ ಎರಡು ಗಂಟೆ ಇಪ್ಪತ್ತು ನಿಮಿಷದ ಸುಮಾರಿಗೆ ಪ್ಯಾರಿಸ್. ಅಲ್ಲಿಂದ ಆಮ್‌ಸ್ಟರ್‌ಡ್ಯಾಮ್‌ಗೂ ರೈಲು, ಅಲ್ಲಿಂದ ಕೆಎಲ್‌ಎಂ ಕಂಪನಿಯ ವಿಮಾನ ನೇರವಾಗಿ ಬೆಂಗಳೂರಿಗೆ.

ಇದರಲ್ಲಿ ಇನ್ನೊಂದು ಲಾಭ ಇದೆ. ಬ್ರಿಟನ್‌ನಿಂದ ಹೊರಡುವ ವಿಮಾನಗಳ ಮೇಲೆ ಅಲ್ಲಿನ ಸರ್ಕಾರ ಪ್ರಯಾಣಿಕರ ತೆರಿಗೆ ಹಾಕುತ್ತದೆ, ದೂರ ಜಾಸ್ತಿಯಾದಷ್ಟೂ ತೆರಿಗೆ ಜಾಸ್ತಿ. ಇಳಿಯುವವರಿಗೆ ಅದು ಇಲ್ಲ. ಅಂದರೆ ಲಂಡನ್‌ನಲ್ಲಿ ಇಳಿದು ಬೇರೆ ದೇಶದಿಂದ ವಾಪಸ್ ಹತ್ತಿದರೆ ಆ ದುಡ್ಡು ಉಳಿಯುತ್ತದೆ. ಎರಡು ವೀಸಾಗೆ ಬೇರೆ ಬೇರೆ ಅರ್ಜಿ, ಒಂದಾದ ಮೇಲೊಂದು ಮಾಡಲು ಸಮಯ ಇಟ್ಟುಕೊಳ್ಳಿ. ಷೆಂಗೆನ್ ಗಡಿಯಲ್ಲಿ 2025ರ ಅಕ್ಟೋಬರ್ 12ರಿಂದ ಬಂದವರನ್ನೂ ಹೋದವರನ್ನೂ ಕಂಪ್ಯೂಟರ್‌ನಲ್ಲಿ ದಾಖಲಿಸುವ ಹೊಸ ವ್ಯವಸ್ಥೆ ಶುರುವಾಗಿದೆ, ಸಾಲು ನಿಧಾನ ಸಾಗಬಹುದು. ಯೂರೋಸ್ಟಾರ್‌ಗೆ ಈ ತಪಾಸಣೆ ಲಂಡನ್‌ನಲ್ಲೇ ಆಗುತ್ತದೆ, ಬೇಗ ಹೋಗಿ ನಿಲ್ಲಿ.

ಪ್ರಶ್ನೆ: ಬೆಂಗಳೂರಿನಿಂದ ಮುಂಬೈ ಮೂಲಕ ಫ್ರಾಂಕ್‌ಫರ್ಟ್‌ಗೆ ಹೋಗುವ ಟಿಕೆಟ್, ಮುಂಬೈನಿಂದಲೇ ಫ್ರಾಂಕ್‌ಫರ್ಟ್‌ಗೆ ಹೋಗುವ ಟಿಕೆಟ್‌ಗಿಂತ ಅಗ್ಗ. ನಮಗೆ ಮುಂಬೈ ಹತ್ತಿರ. ಅಗ್ಗದ್ದು ತೆಗೆದುಕೊಂಡು ಮುಂಬೈನಲ್ಲಿ ಹತ್ತಬಹುದಾ? (ಬೆಳಗಾವಿ)

ಉತ್ತರ: ಆಗುವುದಿಲ್ಲ. ಮೊದಲ ವಿಮಾನ ಹತ್ತದಿದ್ದರೆ ಮುಂದಿನವೆಲ್ಲ ತಾವಾಗಿಯೇ ರದ್ದಾಗುತ್ತವೆ, ವಾಪಸ್ ಬರುವುದೂ ಸೇರಿ. ಮುಂಬೈನಿಂದಲೇ ಟಿಕೆಟ್ ತೆಗೆದುಕೊಳ್ಳಿ. ಈಗ ಒಂದು ಹೊಸ ಎಚ್ಚರಿಕೆ ಬೇಕು: 2025ರ ಡಿಸೆಂಬರ್ 25ರಿಂದ ನವಿ ಮುಂಬೈ ನಿಲ್ದಾಣವೂ ಶುರುವಾಗಿದೆ. ಬೆಳಗಾವಿಯಿಂದ ವಿಮಾನದಲ್ಲಿ ಹೋಗುವುದಾದರೆ ಯಾವುದರಲ್ಲಿ ಇಳಿಯುತ್ತೀರಿ, ಯಾವುದರಿಂದ ಹೊರಡುತ್ತೀರಿ ಎಂದು ಎರಡು ಸಲ ಓದಿ. ನಡುವೆ ಮುಂಬೈ ಟ್ರಾಫಿಕ್ ಇದೆ.

ಪ್ರಶ್ನೆ: ಜಪಾನ್‌ನಲ್ಲಿ ಟೋಕಿಯೊ, ಕ್ಯೋಟೊ, ಒಸಾಕಾ ನೋಡಬೇಕು. ಟೋಕಿಯೊಗೇ ವಾಪಸ್ ಬರಬೇಕಾ? (ಶಿವಮೊಗ್ಗ)

ಉತ್ತರ: ಬೇಕಿಲ್ಲ. ಟೋಕಿಯೊದಲ್ಲಿ ಇಳಿದು ಒಸಾಕಾದ ಕನ್ಸಾಯ್ ನಿಲ್ದಾಣದಿಂದ ಹತ್ತಿ. ಜಪಾನ್ ಏರ್‌ಲೈನ್ಸ್ ಬೆಂಗಳೂರಿನಿಂದ ನೇರ ಹೋಗುವುದು ನರಿಟಾಕ್ಕೆ, ಅದು ಟೋಕಿಯೊದಿಂದ ಸುಮಾರು 60 ಕಿಲೋಮೀಟರ್, ರೈಲಿನಲ್ಲಿ ಒಂದು ಗಂಟೆ. ಬೇರೆ ದೇಶದ ಮೂಲಕ ಹೋಗುವುದಾದರೆ ಟೋಕಿಯೊದ ಇನ್ನೊಂದು ನಿಲ್ದಾಣ ಹನೇಡಾ ಹುಡುಕಿ, ಊರಿಗೆ ತುಂಬಾ ಹತ್ತಿರ. ಒಸಾಕಾದಲ್ಲಿ ಇಟಾಮಿ ಎಂಬ ಇನ್ನೊಂದು ನಿಲ್ದಾಣ ಇದೆ, ಅದು ದೇಶದೊಳಗಿನ ವಿಮಾನಗಳಿಗೆ ಮಾತ್ರ. ಟೋಕಿಯೊದಿಂದ ಒಸಾಕಾಕ್ಕೆ ಶಿಂಕಾನ್ಸೆನ್ ಎಂಬ ವೇಗದ ರೈಲಿನಲ್ಲಿ ಎರಡೂವರೆ ಗಂಟೆ, ಕ್ಯೋಟೊ ದಾರಿಯಲ್ಲೇ ಸಿಗುತ್ತದೆ. ಏಳು ದಿನ ರೈಲಿನಲ್ಲಿ ಓಡಾಡಲು ಕೊಡುವ ಜೆಆರ್ ಪಾಸ್ ಸುಮ್ನೆ ಕೊಳ್ಳಬೇಡಿ. 2023ರ ಅಕ್ಟೋಬರ್‌ನಲ್ಲಿ ಅದರ ಬೆಲೆ 29,650 ಯೆನ್‌ನಿಂದ 50,000ಕ್ಕೆ ಏರಿತು. ಒಂದೇ ದಿಕ್ಕಿಗೆ ಹೋಗುವ ನಿಮಗೆ ಬಿಡಿ ಟಿಕೆಟ್ ಸಾಕು. ಟೋಕಿಯೊದಿಂದ ಹೊರಟಾಗ ಬಲಗಡೆಯ ಕಿಟಕಿ ಕೇಳಿ ತೆಗೆದುಕೊಳ್ಳಿ, ಮೋಡ ಇಲ್ಲದಿದ್ದರೆ ಮುಕ್ಕಾಲು ಗಂಟೆಯ ಹೊತ್ತಿಗೆ ಫ್ಯೂಜಿ ಬೆಟ್ಟ ಕಾಣುತ್ತದೆ.