ಬಿಸ್ಕತ್ತು ಹಸಿರಾಗಿದ್ದು ಯಾಕೆ?

ಪ್ರಶ್ನೆ: ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ರಾಗಿ, ಹುರಿಗಡಲೆ ಹಿಟ್ಟು, ಹಾಲಿನ ಪುಡಿ ಹಾಕಿ ಬಿಸ್ಕತ್ತು ಮಾಡುತ್ತೇವೆ. ಕಾಫಿಯಲ್ಲಿರುವ ಪಾಲಿಫಿನಾಲ್ ಎಂಬ ಅಂಶ ಪ್ರೋಟೀನ್ ಜೊತೆ ಸೇರಿದರೆ ಒಳ್ಳೆಯದು ಅಂತ ಕೇಳಿ, ಹುರಿಯದ ರೋಬಸ್ಟಾ ಕಾಫಿ ಬೀಜ ಕುದಿಸಿದ ನೀರಲ್ಲಿ ಹಿಟ್ಟು ಕಲಸಿದೆವು. ಎಂದಿನಂತೆ ಅಡುಗೆ ಸೋಡಾ ಹಾಕಿದ್ದೆವು. ಮಾರನೇ ದಿನ ಮುರಿದು ನೋಡಿದರೆ ಒಳಗೆಲ್ಲ ಹಸಿರು! ಬೂಷ್ಟು ಹಿಡಿಯಿತಾ?
– ಒಬ್ಬ ಓದುಗರು, ಪೊನ್ನಂಪೇಟೆ

ಉತ್ತರ: ಬೂಷ್ಟು ಮೇಲ್ಗಡೆ ಚುಕ್ಕೆ ಚುಕ್ಕೆಯಾಗಿ ಶುರುವಾಗುತ್ತದೆ, ಮುಗ್ಗಲು ವಾಸನೆಯೂ ಇರುತ್ತದೆ. ಒಳಗೆಲ್ಲ ಒಂದೇ ಸಮ ಹಸಿರಾಗಿದ್ದರೆ ಅದು ಸೋಡಾದ ಕೆಲಸ. ಆ ಬಣ್ಣದಿಂದ ತೊಂದರೆಯಿಲ್ಲ. ಆದರೆ ಮಾರುವುದು ಕಷ್ಟ, ಅಲ್ವಾ?

ಹುರಿಯದ ಕಾಫಿ ಬೀಜದಲ್ಲಿ ಕ್ಲೋರೋಜೆನಿಕ್ ಆಮ್ಲ ಎಂಬ ಪಾಲಿಫಿನಾಲ್ ತುಂಬಾ ಇದೆ. ಅರೇಬಿಕಾಗಿಂತ ರೋಬಸ್ಟಾದಲ್ಲಿ ಜಾಸ್ತಿ. ಸೋಡಾ ಕ್ಷಾರ. ಕ್ಷಾರವೂ ಗಾಳಿಯೂ ಸಿಕ್ಕಾಗ ಈ ಆಮ್ಲ ಕ್ವಿನೋನ್ ಎಂಬ ವಸ್ತುವಾಗಿ, ಪ್ರೋಟೀನಿನ ತುಣುಕುಗಳಾದ ಅಮೈನೋ ಆಮ್ಲಗಳಿಗೆ ಅಂಟಿಕೊಂಡು ಹಸಿರು ಬಣ್ಣ ಕೊಡುತ್ತದೆ. ಸೂರ್ಯಕಾಂತಿ ಬೀಜದ ಬಿಸ್ಕತ್ತಿಗೆ ಸೋಡಾ ಹಾಕಿದರೂ ಇದೇ ಕಥೆ.

ಅಂದರೆ ನೀವು ಕೇಳಿದ್ದ ‘ಸೇರಿಸುವ’ ಕೆಲಸ ಗೊತ್ತಿಲ್ಲದೆಯೇ ಆಗಿಹೋಗಿದೆ! ಈ ಸೇರುವಿಕೆಯಲ್ಲಿ ಎರಡು ಬಗೆ. ಒಂದು ಅಂಗಿಗೆ ಗುಂಡಿ ಹಾಕಿದ ಹಾಗೆ, ಬಿಚ್ಚಿಕೊಳ್ಳುತ್ತದೆ. ಇನ್ನೊಂದು ಹೊಲಿಗೆ ಹಾಕಿದ ಹಾಗೆ, ಬಿಚ್ಚುವುದಿಲ್ಲ. ಸುಮ್ನೆ ಕಲಸಿದರೆ ಮೊದಲನೆಯದು, ಸೋಡಾ ಹಾಕಿದರೆ ಎರಡನೆಯದು. ಪ್ರಯೋಗಾಲಯದಲ್ಲಿ ಹಾಲೊಡಕಿನ ಅಥವಾ ಸೋಯಾ ಪ್ರೋಟೀನನ್ನು ಪಿಎಚ್ 9ರ ಆಸುಪಾಸಿನಲ್ಲಿ, ಅಂದರೆ ಕ್ಷಾರದಲ್ಲಿಟ್ಟು, ಗಾಳಿಯಾಡಿಸಿ ಎರಡನೆಯದನ್ನು ಮಾಡುತ್ತಾರೆ. ಹಾಗೆ ಸಿಕ್ಕ ಪ್ರೋಟೀನ್ ಎಣ್ಣೆ–ನೀರು ಬೇರೆಯಾಗದಂತೆ ಹಿಡಿದಿಡುತ್ತದೆ, ಎಣ್ಣೆ ಕಮಟುವುದನ್ನೂ ತಡ ಮಾಡುತ್ತದೆ. ಪಾನೀಯ ಮಾಡುವ ಕಂಪನಿಗಳಿಗೆ ಇದು ದೊಡ್ಡ ಲಾಭ.

ನಿಮಗೆ? ನನಗೆ ಅನುಮಾನ. ಕ್ವಿನೋನ್ ಹೋಗಿ ಹಿಡಿದುಕೊಳ್ಳುವುದರಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಮುಖ್ಯ. ರಾಗಿಯಲ್ಲಿ ಲೈಸಿನ್ ಕಡಿಮೆ, ಕಡಲೆಯಲ್ಲಿ ಜಾಸ್ತಿ. ರಾಗಿಗೆ ಕಡಲೆ ಸೇರಿಸುವುದರ ಲಾಭವೇ ಅದು. ಆ ಲೈಸಿನ್ ಸಿಕ್ಕಿಬಿದ್ದರೆ ಮೈಗೆ ದಕ್ಕುವುದು ಕಡಿಮೆ. ಪ್ರೋಟೀನ್ ಜೀರ್ಣವಾಗುವುದೂ ನಿಧಾನವಾಗಬಹುದು. ಬಿಸ್ಕತ್ತಿಗೆ ಗುಂಡಿಯ ಬಂಧವೇ ಸಾಕು.

ಹಾಗಾಗಿ ಸೋಡಾ ಬಿಡಿ, ಬೇಕಿಂಗ್ ಪೌಡರ್ ಹಾಕಿ. ಅದರಲ್ಲಿ ಕ್ಷಾರವನ್ನು ತಗ್ಗಿಸುವ ಹುಳಿಯ ಅಂಶ ಸೇರಿರುತ್ತದೆ. ಇಲ್ಲವೇ ಸೋಡಾ ಜೊತೆ ಸ್ವಲ್ಪ ನಿಂಬೆರಸ ಹಿಂಡಿದರೂ ಆಯಿತು. (ಹುಳಿ ಅಂದ ಕೂಡಲೇ ಕೊಡಗಿನ ಕಪ್ಪು ಹುಳಿರಸ ಕಾಚಂಪುಳಿಗೆ ಕೈ ಹಾಕಬೇಡಿ. ಅದು ಪಂದಿ ಕರಿಗೇ ಇರಲಿ.)

ಬಣ್ಣಕ್ಕಿಂತ ನನಗೆ ಚಿಂತೆ ಕೆಫೀನಿನದು. ಬೀಜ ಹುರಿಯದಿದ್ದರೂ ಕೆಫೀನ್ ಇದ್ದೇ ಇರುತ್ತದೆ. ಅದೂ ರೋಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು. ಕುದಿಸಿದಾಗ ಅದು ನೀರಿಗೆ ಇಳಿಯುತ್ತದೆ. ಈ ಬಿಸ್ಕತ್ತನ್ನು ಮಕ್ಕಳಿಗೆ, ಗರ್ಭಿಣಿಯರಿಗೆ ಕೊಡಬೇಡಿ, ಪೊಟ್ಟಣದ ಮೇಲೂ ಬರೆಯಿರಿ. ‘ರೋಗ ತಡೆಯುತ್ತದೆ’ ಅಂತ ಮಾತ್ರ ಬರೆಯಬೇಡಿ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ನಿಯಮ ಅದಕ್ಕೆ ಒಪ್ಪುವುದಿಲ್ಲ. ಪ್ರೋಟೀನ್ ಎಷ್ಟಿದೆ ಅಂತ ಹಾಕಬೇಕಾದರೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಕಾಫಿಗೆ ಹಾಲು ಹಾಕಿದರೆ ಅದರ ಒಳ್ಳೆಯ ಗುಣ ಹೋಗುತ್ತದಾ?
– ಒಬ್ಬ ಓದುಗರು, ಸೋಮವಾರಪೇಟೆ

ಉತ್ತರ: ಹಾಗೇನೂ ಸಾಬೀತಾಗಿಲ್ಲ. ಹಾಲಿನ ಕೇಸಿನ್ ಎಂಬ ಪ್ರೋಟೀನ್ ಪಾಲಿಫಿನಾಲನ್ನು ಹಿಡಿದುಕೊಳ್ಳುವುದು ನಿಜ. ಕಾಫಿಯ ಒಗರು ತಗ್ಗುವುದರಲ್ಲಿ ಅದರ ಪಾಲೂ ಇದೆ. 2023ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದವರು ಪಾಲಿಫಿನಾಲ್–ಅಮೈನೋ ಆಮ್ಲದ ಜೋಡಿ ಬರೀ ಪಾಲಿಫಿನಾಲಿಗಿಂತ ಉರಿಯೂತವನ್ನು ಇನ್ನೂ ಚೆನ್ನಾಗಿ ತಗ್ಗಿಸಿತು ಅಂದರು. ಆದರೆ ಅದು ಜೀವಕೋಶಗಳ ಮೇಲಿನ ಪ್ರಯೋಗ. ಕಾಫಿ ಕುಡಿದ ಮನುಷ್ಯರ ಮೇಲೆ ಮಾಡಿದ್ದಲ್ಲ. ಹಾಲು ನಿಮ್ಮಿಷ್ಟ. ರಕ್ತಹೀನತೆ ಇದ್ದರೆ ಮಾತ್ರ ಊಟ–ತಿಂಡಿಗೆ ಒಂದು ಗಂಟೆ ಮೊದಲೇ ಕುಡಿಯಿರಿ. ಸೊಪ್ಪು, ಕಾಳಿನ ಕಬ್ಬಿಣಾಂಶವನ್ನು ಮೈ ಹೀರಿಕೊಳ್ಳದಂತೆ ಕಾಫಿ ತಡೆಯುತ್ತದೆ, ಹಾಲು ಹಾಕಿದರೂ ಹಾಕದಿದ್ದರೂ.