ಪ್ರತಿಕ್ರಿಯೆ: ನಮ್ಮ ಈಜುಗಾರರು ಹೀಟ್ಸ್‌ನಲ್ಲೇ ಯಾಕೆ ಹೊರಬೀಳುತ್ತಾರೆ?

ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಭಾರತದವರು ಹೀಟ್ಸ್ (ಮೊದಲ ಸುತ್ತು) ದಾಟಿ ಸೆಮಿಫೈನಲ್‌ಗೂ ಹೋಗಲ್ಲ, ಬೆಂಗಳೂರಿನ ಕೋಚಿಂಗ್ ಸರಿಯಿಲ್ವಾ ಅಂತ ಕೇಳಿದ್ದೀರಿ. ಕೋಚಿಂಗ್ ಮೇಲೆ ತಪ್ಪು ಹಾಕುವುದು ಸುಲಭ. ನನಗೆ ಹಾಗನ್ನಿಸಲ್ಲ.

ನಮ್ಮ ಬೆಂಗಳೂರಿನ ಈಜುಗಾರ ಶ್ರೀಹರಿ ನಟರಾಜ್ ಅವರನ್ನೇ ನೋಡಿ. 2021ರ ಜೂನ್‌ನಲ್ಲಿ ರೋಮ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕ್ (ಬೆನ್ನ ಮೇಲೆ ಮಲಗಿ ಈಜುವುದು) ಅನ್ನು 53.77 ಸೆಕೆಂಡಿನಲ್ಲಿ ಮುಗಿಸಿದರು. ಮುಂದಿನ ತಿಂಗಳು ಟೋಕಿಯೋ ಒಲಿಂಪಿಕ್ಸ್‌ನಲ್ಲಿ 54.31, 27ನೇ ಸ್ಥಾನ. ಸೆಮಿಗೆ ಮೊದಲ 16 ಜನ ಮಾತ್ರ. ಅಂದರೆ ವೇಗ ಇತ್ತು, ಬೇಕಾದ ದಿನ ಬರಲಿಲ್ಲ. ಆ ದಿನಕ್ಕೆ ಮೈ ಹದ ಮಾಡಿಕೊಳ್ಳುವುದೇ ದೊಡ್ಡ ಕೆಲಸ. ದೊಡ್ಡ ಕೂಟಗಳಲ್ಲಿ ಜಾಸ್ತಿ ಈಜದೆ ಅದು ಬರಲ್ಲ.

ಇನ್ನೊಂದು ವಿಷಯ ಟಿವಿಯಲ್ಲಿ ಸುಲಭಕ್ಕೆ ಕಾಣಲ್ಲ. ಬ್ಯಾಕ್‌ಸ್ಟ್ರೋಕ್‌ನಲ್ಲಿ ಸ್ಟಾರ್ಟ್ ಆದ ಮೇಲೆ 15 ಮೀಟರ್, ಗೋಡೆ ಹತ್ತಿರ ತಿರುಗುವ ಟರ್ನ್ ಆದ ಮೇಲೆ 15 ಮೀಟರ್ ನೀರೊಳಗೇ ಹೋಗಬಹುದು. ನೂರರಲ್ಲಿ ಮೂವತ್ತು! ಅಲ್ಲಿನ ಕಿಕ್ ಗಟ್ಟಿಯಿದ್ದವರು ಮೇಲೆ ಬರುವಷ್ಟರಲ್ಲೇ ಮುಂದಿರುತ್ತಾರೆ. ಇದೇ 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ ಇಟಲಿಯ ಈಜುಗಾರ ಚೆಕ್ಕೋನ್ 2022ರಲ್ಲಿ ಬರೆದ ವಿಶ್ವದಾಖಲೆ 51.60 ಸೆಕೆಂಡು.

ಧಿನಿಧಿ ದೇಸಿಂಗು ಕೂಡ ನಮ್ಮೂರಿನವರೇ, 14ನೇ ವಯಸ್ಸಿಗೇ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈಜಿದ್ದಾರೆ. ಬಿಡುವಿದ್ದಾಗ ಬಸವನಗುಡಿ ಕೊಳದಲ್ಲಿ ಯಾವುದಾದರೂ ಕೂಟ ನೋಡಿ. ಟರ್ನ್ ಆಗುವ ಗೋಡೆ ಹತ್ತಿರ ಕೂತುಕೊಳ್ಳಿ.