ಜಿನೀವಾದಿಂದ ಒಂದಿನದ ಫ್ರಾನ್ಸ್: ಓದುಗರು ಕೇಳಿದ್ದು, ನಾವು ಹೇಳಿದ್ದು

ಪ್ರಶ್ನೆ: ನಾವಿರೋದು ಜಿನೀವಾದಲ್ಲಿ, ಕಾರಿಲ್ಲ. ಅಪ್ಪ ಅಮ್ಮ ಬಂದಿದಾರೆ, ಅಮ್ಮಂಗೆ ಮಂಡಿ ನೋವು. ಬೆಳಿಗ್ಗೆ ಹೋಗಿ ಸಾಯಂಕಾಲ ವಾಪಸ್ ಬರೋ ಹಾಗೆ ಫ್ರಾನ್ಸ್ ಕಡೆ ಊರುಗಳನ್ನ ತೋರಿಸಬೇಕು. ಕೇಳಿದವರೆಲ್ಲ ಆನ್ಸಿ ಅಂತಾರೆ, ಬೇರೆ ಏನೂ ಇಲ್ವಾ?

ಉತ್ತರ: ಆನ್ಸಿ ಚೆನ್ನಾಗೇ ಇದೆ, ಬೇಡ ಅನ್ನಲ್ಲ, ಕಾಲುವೆ ಮಧ್ಯದಲ್ಲಿ ನಿಂತಿರೋ ಆ ಹಳೇ ಜೈಲಿನ ಕಟ್ಟಡ, ಪಕ್ಕದಲ್ಲೇ ತಿಳಿನೀರಿನ ಲೇಕು, ಎಲ್ಲಾ ನೋಡೋ ಹಾಗೇ ಇದೆ. ಆದ್ರೆ ಬೇಸಿಗೆ ಶನಿವಾರ ಭಾನುವಾರ ಅಲ್ಲಿ ಕಾಲಿಡೋಕೆ ಜಾಗ ಇರಲ್ಲ, ವಯಸ್ಸಾದವರನ್ನ ಕರ್ಕೊಂಡು ಆ ರಶ್ಶಲ್ಲಿ ಓಡಾಡೋದು ಕಷ್ಟ. ಹೋಗೋದಾದ್ರೆ ಮಂಗಳವಾರ ಇಲ್ಲಾ ಶುಕ್ರವಾರ ಹೋಗಿ, ಹಳೇ ಊರಲ್ಲಿ ಸಂತೆ ಇರತ್ತೆ, ಜನಾನೂ ತಡೆದುಕೊಳ್ಳೋ ಅಷ್ಟೇ.

ನಿಮ್ಮ ಅಮ್ಮಂಗೆ ಅಂದ್ರೆ ನಾನು ಮೊದಲು ಹೇಳೋದು ಎವಿಯಾಂ. ಅದೇ, ಬಾಟಲಿ ನೀರಿನ ಎವಿಯಾಂ. 2019ರ ಡಿಸೆಂಬರಲ್ಲಿ ಶುರುವಾದ ಲೇಮಾನ್ ಎಕ್ಸ್‌ಪ್ರೆಸ್ ರೈಲು ಜಿನೀವಾದಿಂದ ಆನ್ಮಾಸ್ ಮೇಲೆ ಹೋಗಿ ಎವಿಯಾಂವರೆಗೂ ಬಿಡತ್ತೆ. ಅಲ್ಲಿ ಜಿನೀವಾ ಲೇಕಿನ ದಂಡೆ ಉದ್ದಕ್ಕೂ ಸಮತಟ್ಟು ದಾರಿ, ಕೂರೋಕೆ ಬೆಂಚು, ಮೇಲೆ ಹೋಗೋಕೆ ಹಳೇ ಕಾಲದ ಫ್ಯುನಿಕ್ಯುಲರ್, ಅಂದ್ರೆ ಹಗ್ಗ ಕಟ್ಟಿ ಮೇಲಕ್ಕೆ ಎಳೆಯೋ ಸಣ್ಣ ರೈಲಿದೆ, ಟಿಕೆಟ್ಟೇ ಇಲ್ಲ, ಫ್ರೀ, ಆದ್ರೆ ಬೇಸಿಗೆ ಸೀಸನ್ನಲ್ಲಿ ಮಾತ್ರ ಓಡತ್ತೆ. ಕಶಾ ಅನ್ನೋ ಬುಗ್ಗೆ ಹತ್ರ ಜನ ಬಾಟಲಿ ಹಿಡ್ಕೊಂಡು ನಿಂತಿರ್ತಾರೆ, ನೀವೂ ತುಂಬಿಸ್ಕೊಳ್ಳಿ, ಕಾಸು ಕೊಡಬೇಕಿಲ್ಲ. ಬರೋವಾಗ ಅದೇ ರೈಲಲ್ಲಿ ಬರಬೇಡಿ! ಅಲ್ಲಿಂದ ಎದುರು ದಡದಲ್ಲಿ ಸ್ವಿಸ್ ಕಡೆಯ ಲೋಸಾನಿಗೆ ಬೋಟ್ ಇದೆ, ಮುಕ್ಕಾಲು ಗಂಟೆನೂ ಆಗಲ್ಲ, ಲೋಸಾನಿಂದ ಜಿನೀವಾಗೆ ರೈಲುಗಳು ಬೇಕಾದಷ್ಟು. ನೀರಿನ ಮೇಲೆ ಒಂದು ದೇಶ ಬಿಟ್ಟು ಇನ್ನೊಂದು ದೇಶಕ್ಕೆ ಹೋಗೋ ಖುಷಿ ಇದೆಯಲ್ಲ, ಅದನ್ನ ಅಪ್ಪ ಅಮ್ಮಂಗೆ ಖಂಡಿತ ಕೊಡಿ.

ಇನ್ನೊಂದು ದಿನ ಇವ್ವಾರ್, ಅದೇ ಲೇಕಿನ ದಡದಲ್ಲಿ ಫ್ರಾನ್ಸ್ ಕಡೆಯ ಹಳೇ ಊರು. ರೈಲಲ್ಲಿ ಸ್ವಿಸ್ ಕಡೆಯ ನಿಯೋಂ, ನಿಯೋಂನಿಂದ ಬೋಟಲ್ಲಿ ಇಪ್ಪತ್ತು ನಿಮಿಷ. ಫ್ರಾನ್ಸ್ ಕಡೆ ಇದ್ದು ಸ್ವಿಟ್ಜರ್ಲೆಂಡಿಗೆ ಕೆಲಸಕ್ಕೆ ಬರೋರು ದಿನಾ ಇದೇ ಬೋಟ್ ಹಿಡೀತಾರೆ. 14ನೇ ಶತಮಾನದ ಕೋಟೆ ಬಾಗಿಲು, ಕಲ್ಲಿನ ಮನೆಗಳು, ಕಿಟಕಿ ತುಂಬಾ ಹೂವು. ಅರಮನೆ ಒಳಗೆ ಬಿಡಲ್ಲ, ಅದು ಖಾಸಗಿ ಮನೆತನದ್ದು. ಬೋಟ್ ಇಳಿದ ಮೇಲೆ ಊರೊಳಗೆ ಸ್ವಲ್ಪ ಏರು, ಕಲ್ಲು ಹಾಸಿದ ಬೀದಿ, ನಿಯೋಂನಲ್ಲೂ ದಡದಿಂದ ಸ್ಟೇಷನ್ನಿಗೆ ಏರೇ, ಹಾಗಾಗಿ ವಾಪಸ್ ಬರೋವಾಗ ಅಲ್ಲಿ ಬಸ್ಸೋ ಟ್ಯಾಕ್ಸಿನೋ ಮಾಡ್ಕೊಳ್ಳಿ.

ಭಾನುವಾರ ಜಿನೀವಾದಲ್ಲಿ ಅಂಗಡಿಗಳು ಮುಚ್ಚಿರ್ತಾವೆ, ಅವತ್ತು ಗಡಿಯಾಚೆ ಫ್ರಾನ್ಸಿನ ದಿವೋನ್ ಊರಲ್ಲಿ ಸಂತೆ. ಅದೇ ಥರ ಗಡಿಯಾಚೆಯ ಫೆರ್ನೆ-ವೋಲ್ತೇರಲ್ಲಿ ಶನಿವಾರ ಸಂತೆ, ಜೊತೆಗೆ ಫ್ರೆಂಚ್ ಬರಹಗಾರ ವೋಲ್ತೇರ್ ಹೆಚ್ಚುಕಮ್ಮಿ 20 ವರ್ಷ ಬಾಳಿದ ಮನೆ. ಒಂದು ದಿನಕ್ಕೆ ಒಂದೇ ಊರು ಇಟ್ಕೊಳ್ಳಿ ದಯವಿಟ್ಟು, ಎರಡೆರಡು ಸೇರಿಸಬೇಡಿ. ಮತ್ತೆ ಊಟ 12ರಿಂದ 2ರ ಒಳಗೆ ಮುಗಿಸಿ, ಆ ಕಡೆ ಚಿಕ್ಕ ಊರುಗಳಲ್ಲಿ 2 ಗಂಟೆ ಆದ್ಮೇಲೆ ಅಡುಗೆಮನೆ ಬಂದ್.

ಪ್ರಶ್ನೆ: ನಮ್ಮ ಷೆಂಗೆನ್ ವೀಸಾ ಸಿಂಗಲ್ ಎಂಟ್ರಿ. ಫ್ರಾನ್ಸಿಗೆ ಹೋಗಿ ಬಂದ್ರೆ ಮುಗಿದೋಗತ್ತಾ? ಯೂರೋ ಬೇಕಾ?

ಉತ್ತರ: ಮುಗಿಯಲ್ಲ. ಷೆಂಗೆನ್ ಅಂದ್ರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು, ಸ್ವಿಟ್ಜರ್ಲೆಂಡ್ 2008ರಿಂದ ಅದರ ಒಳಗೇ ಇದೆ, ಫ್ರಾನ್ಸಿಗೆ ಹೋಗೋದು ಷೆಂಗೆನ್ನಿಂದ ಹೊರಗೆ ಹೋದ ಹಾಗಲ್ಲ. ಆದ್ರೆ ಪಾಸ್‌ಪೋರ್ಟ್ ಅಸಲೇ ಜೊತೇಲಿರಲಿ, ರೈಲಲ್ಲಿ ಬಸ್ಸಲ್ಲಿ ಒಮ್ಮೊಮ್ಮೆ ಚೆಕ್ ಮಾಡ್ತಾರೆ, ಮೊಬೈಲಲ್ಲಿರೋ ಫೋಟೋ ನಡೆಯಲ್ಲ. ಫ್ರಾನ್ಸಲ್ಲಿ ಯೂರೋ ಇಟ್ಕೊಳ್ಳಿ, ಸಂತೆಯಲ್ಲಂತೂ ಬೇಕೇ ಬೇಕು. ಹೋಟೆಲಿನವರು ಕೊಡೋ ಜಿನೀವಾದ ಫ್ರೀ ಟ್ರಾನ್ಸ್‌ಪೋರ್ಟ್ ಕಾರ್ಡ್ ಗಡಿ ದಾಟಿದ್ರೆ ನಡೆಯಲ್ಲ. ಫೋನ್ ಬಗ್ಗೆನೂ ಹುಷಾರು, ಸ್ವಿಟ್ಜರ್ಲೆಂಡ್ ಯುರೋಪಿಯನ್ ಯೂನಿಯನ್ನಲ್ಲಿ ಇಲ್ಲ, ಹಾಗಾಗಿ ಯೂನಿಯನ್ ಒಳಗೆ ಮಾತ್ರ ನಡೆಯೋ ರೋಮಿಂಗ್ ಪ್ಯಾಕ್ ಇದ್ರೆ ಈ ಕಡೆ ಬಂದ ತಕ್ಷಣ ದುಡ್ಡು ಏರೋಕೆ ಶುರು. ತೆರಿಗೆ ಕಟ್ಟದೆ ವಾಪಸ್ ತರೋ ಸಾಮಾನಿಗೆ 2025ರ ಜನವರಿಯಿಂದ ತಲೆಗೆ 150 ಫ್ರಾಂಕ್ ಮಿತಿ, ಮೊದಲು 300 ಇತ್ತು. ಬೆಣ್ಣೆ ಒಂದು ಕಿಲೋ ದಾಟಿದ್ರೆ ಸುಂಕ ಕಟ್ಟಬೇಕು.

ಪ್ರಶ್ನೆ: ಊರ ಮಧ್ಯದಲ್ಲೇ ಗಡಿ ಹಾದುಹೋಗೋ ಜಾಗ ಇದೆ ಅಂತಾರೆ, ನಿಜಾನಾ?

ಉತ್ತರ: ನಿಜ, ಮತ್ತೆ ಈ ಪ್ರಶ್ನೆ ಕೇಳಿದ್ದು ನಂಗೆ ತುಂಬಾ ಖುಷಿ. ಜಿನೀವಾ ಲೇಕಿನ ಪೂರ್ವದ ತುದಿ ಕಡೆ ಸ್ಯಾಂ-ಜ್ಯಾಂಗೋಲ್ಫ್ ಅಂತ ಊರು, ಮಧ್ಯದಲ್ಲಿ ಮೋರ್ಜ್ ಅನ್ನೋ ಪುಟ್ಟ ಹೊಳೆ, ಈ ದಂಡೆ ಸ್ವಿಟ್ಜರ್ಲೆಂಡ್ ಆ ದಂಡೆ ಫ್ರಾನ್ಸ್. 1569ರ ಒಪ್ಪಂದದಲ್ಲಿ ಊರು ಎರಡಾಯ್ತು, ಆದ್ರೆ ಚರ್ಚು ಸ್ಮಶಾನ ಮಾತ್ರ ಒಂದೇ ಉಳೀತು, ಎರಡೂ ಫ್ರಾನ್ಸ್ ಕಡೆ, ಸ್ವಿಸ್ ಕಡೆಯವರು ಸತ್ರೂ ಮಣ್ಣು ಮಾಡೋದು ಅಲ್ಲೇ. ಎರಡನೇ ಮಹಾಯುದ್ಧದಲ್ಲಿ, 1944ರ ಜುಲೈನಲ್ಲಿ ಫ್ರೆಂಚ್ ಹೋರಾಟಗಾರರು ಜರ್ಮನ್ನರ ಮೇಲೆ ದಾಳಿ ಮಾಡಿದ್ದಕ್ಕೆ ಸೇಡಾಗಿ ಜರ್ಮನ್ನರು ಫ್ರೆಂಚ್ ಭಾಗಕ್ಕೆ ಬೆಂಕಿ ಇಟ್ರು, ಸೆರೆ ಹಿಡಿದವರನ್ನ ಗುಂಡಿಟ್ಟು ಕೊಂದ್ರು, ಆ ಕಡೆಯ ಜನ ಹೊಳೆ ದಾಟಿ ಸ್ವಿಸ್ ಕಡೆ ಓಡಿ ಬಂದು ಜೀವ ಉಳಿಸ್ಕೊಂಡ್ರು. ಆ ಹೊಳೆ ಮೇಲಿನ ಸೇತುವೆ ನಡೆದು ದಾಟೋಕೆ ಒಂದು ನಿಮಿಷನೂ ಬೇಡ, ಆದ್ರೆ ಈ ಕತೆ ಗೊತ್ತಿದ್ದು ದಾಟಿದ್ರೆ ಬೇರೆನೇ ಅನ್ನಿಸತ್ತೆ.

ಇನ್ನೊಂದು ಬೆಟ್ಟದ ಮೇಲಿನ ಲಾ ಕ್ಯೂರ್. ಅಲ್ಲೊಂದು ಹೋಟೆಲ್, ಆರ್ಬೆ ಮನೆತನದ್ದು, ಗಡಿ ರೇಖೆ ಹೋಟೆಲ್ ಒಳಗೇ ಹಾದುಹೋಗತ್ತೆ, ಕೆಲವು ರೂಮುಗಳಲ್ಲಿ ಮಂಚದ ಮೇಲೂ. 1862ರಲ್ಲಿ ಎರಡೂ ದೇಶ ಗಡಿ ಬದಲಾಯಿಸೋ ಒಪ್ಪಂದ ಮಾಡ್ಕೊಂಡ್ವು, ಅದರಲ್ಲಿ ಆಗಲೇ ಇರೋ ಕಟ್ಟಡಗಳನ್ನ ಮುಟ್ಟಲ್ಲ ಅಂತಿತ್ತು, ಒಪ್ಪಂದ ಜಾರಿಗೆ ಬರೋ ಮುಂಚೆನೇ ಒಬ್ಬ ಸ್ಥಳೀಯ ಸರಿಯಾಗಿ ಗೆರೆ ಬರೋ ಜಾಗದಲ್ಲೇ ಮನೆ ಎಬ್ಬಿಸಿಬಿಟ್ಟ. ನಿಯೋಂನಿಂದ ಲಾ ಕ್ಯೂರ್‌ಗೆ ಸಣ್ಣ ರೈಲಿದೆ, ಕಾಡಿನ ಮಧ್ಯೆ ಏರ್ಕೊಂಡು ಹೋಗತ್ತೆ.

ಸ್ಯಾಂ-ಜ್ಯಾಂಗೋಲ್ಫ್‌ಗೆ ಸ್ವಿಸ್ ಕಡೆಯಿಂದ ರೈಲಿದೆ, ಎವಿಯಾಂ ಕಡೆಯಿಂದ ಇಲ್ಲ, ಅದಕ್ಕೇ ಎವಿಯಾಂ ನೋಡ್ಕೊಂಡು ಹಾಗೇ ಹೋಗ್ತೀವಿ ಅಂತ ಪ್ಲ್ಯಾನ್ ಹಾಕಬೇಡಿ. ಬೇಸಿಗೆಯಲ್ಲಾದ್ರೆ ಮೋಂತ್ರೋ ಕಡೆಯಿಂದ ಬೋಟ್ ಬರತ್ತೆ, ಟೈಮ್ ಟೇಬಲ್ ನೋಡಿ ಕೊನೇ ಬೋಟ್ ಎಷ್ಟಕ್ಕೆ ಅಂತ ಬೆಳಿಗ್ಗೆನೇ ಬರ್ಕೊಂಡು ಹೊರಡಿ.